ಬಾಕಿದಾರ ಯಾರು?



ಕೆನಡಾದ ಹ್ಯೂರಾನ್ ಸರೋವರದ ಉತ್ತರ ದಂಡೆಯ ಅನಿಶಿನಾಬೆ ಜನ ಅಲ್ಲಿನ ಮೂಲನಿವಾಸಿಗಳು. 1850ರಲ್ಲಿ ಅವರು ಬ್ರಿಟಿಷ್ ಸರ್ಕಾರದ ಜೊತೆ ಕರಾರು ಮಾಡಿಕೊಂಡರು. ನೆಲದ ಬದಲಿಗೆ ವರ್ಷವರ್ಷವೂ ಹಣ. ನೆಲದ ಹುಟ್ಟುವಳಿ ಹೆಚ್ಚಿ, ಸರ್ಕಾರಕ್ಕೆ ನಷ್ಟವಾಗದಿದ್ದರೆ ಆ ಹಣವೂ ಹೆಚ್ಚಬೇಕು. 1875ರಲ್ಲಿ ಅದು ತಲೆಗೆ 4 ಡಾಲರ್ ಆಯಿತು. ಆಮೇಲೆ? ಮರ ಕಡಿದರು, ಗಣಿ ತೋಡಿದರು, ಬೊಕ್ಕಸ ತುಂಬಿತು. 4 ಡಾಲರ್ ಮಾತ್ರ ನಾಲ್ಕೇ! ಎಲ್ಲ ಬೆಲೆ ಏರಿದರೂ ತಾನು ಕೊಡೋದು ಏರಬಾರದೆಂಬ ಲೆಕ್ಕ ನಮಗೇನು ಹೊಸದೆ?

ಅವರು ಕಾಗದ ಮರೆಯಲಿಲ್ಲ, ಕೋರ್ಟು ಹತ್ತಿದರು. 2023ರಲ್ಲಿ ಹಿಂದಿನ ಬಾಕಿಗೆ 1,000 ಕೋಟಿ ಡಾಲರಿನ ರಾಜಿಯಾಯಿತು. ಸರ್ಕಾರ ತಾನು ಕೊಟ್ಟ ಮಾತನ್ನೇ ಅಣಕ ಮಾಡಿದೆಯೆಂದು 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು.

ಆ ಸೀಮೆಯಿರುವ ಒಂಟಾರಿಯೋ ಪ್ರಾಂತದಲ್ಲಿ 2016ರ ಕಾಯ್ದೆಯಂತೆ ನವೆಂಬರಿನಲ್ಲಿ ಒಂದು ವಾರ ಕರಾರುಗಳದ್ದೇ ಮಾತು. ಮೂಲನಿವಾಸಿಗಳೇ ಶಾಲೆಗಳಲ್ಲಿ ಚರಿತ್ರೆ ಹೇಳುತ್ತಾರೆ. ವಲಸೆ ಬಂದವರ ಮಕ್ಕಳೂ ಕೂತು ಕೇಳುತ್ತಾರೆ. ಸರಿಯೇ ಅಲ್ಲವೆ? ಕರಾರಿಗೆ ಎರಡು ಕಡೆ. ನೆಲ ಬಿಟ್ಟುಕೊಟ್ಟವರಷ್ಟೇ ಅಲ್ಲ, ಅದನ್ನು ಉಳುವವರೂ ಅದನ್ನು ತಿಳಿದಿರಬೇಕು. ಭೂಮಿಯುಳ್ಳ ನಾವೂ ಕೇಳಬೇಕಾದ ಮಾತಿದು.

ಬಾಕಿ ಕೊಡಬೇಕಾದವನು ಮರೆತಾನು. ಊರೆಲ್ಲ ಓದಿದ ಕಾಗದವನ್ನು ಮುಚ್ಚಿಡೋದು ಕಷ್ಟ.