ಕಲ್ಲಿನ ದೇವರಿಗೆ ಕಾಡಿನ ಅಭಿಷೇಕ

ಶಿಲೆಯಲ್ಲಿ ದೇವರನ್ನು ಕಡೆಯುವುದು ಒಂದು ಪರಂಪರೆ. ಉಳಿ ಮುಟ್ಟದ ಶಿಲೆಯಲ್ಲಿಯೇ ದೇವರನ್ನು ಕಾಣುವುದು ಇನ್ನೊಂದು. ದಹಿಸರ್ ಪರಿಸರದ ಕನ್ನಡಿಗರಿಗೆ ಮೊದಲನೆಯದರ ನಿದರ್ಶನ ನೆರೆಯಲ್ಲಿಯೇ ಇದೆ. ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಬಂಡೆಯಲ್ಲಿ ಕೊರೆದ ಮಂಡಪೇಶ್ವರ ಗುಹಾಲಯವನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಇಗರ್ಜಿಯಾಗಿಸಿದರು. ಭಗ್ನನಾದರೂ ಅಲ್ಲಿಯ ನಟರಾಜ ಇಂದಿಗೂ ಉಳಿದಿದ್ದಾನೆ.

ಎರಡನೆಯದಕ್ಕೆ ನಾವು ತಾಯ್ನಾಡಿನತ್ತ ನೋಡಬೇಕು. ಉತ್ತರ ಕನ್ನಡದ ಕುಮಟಾ ತಾಲೂಕಿನ ಯಾಣದಲ್ಲಿ, ದಟ್ಟ ಕಾಡಿನ ನಡುವೆ, ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರವೂ 90 ಮೀಟರ್ ಎತ್ತರದ ಮೋಹಿನಿ ಶಿಖರವೂ ಕಪ್ಪಾಗಿ ಎದ್ದು ನಿಂತಿವೆ. ಭಸ್ಮಾಸುರ ಬೂದಿಯಾದ ನೆಲವೆಂದು ಪುರಾಣ ಹೇಳಿದರೆ, ಸುಣ್ಣದ ಕಲ್ಲನ್ನು ಮಳೆನೀರು ಯುಗಯುಗಗಳ ಕಾಲ ಕರಗಿಸಿ ರೂಪಿಸಿದ್ದೆಂದು ವಿಜ್ಞಾನ ಹೇಳುತ್ತದೆ. ಭೈರವೇಶ್ವರ ಶಿಖರದ ಗುಹೆಯೊಳಗಿನ ಲಿಂಗವನ್ನು ಯಾರೂ ಪ್ರತಿಷ್ಠಾಪಿಸಿದ್ದಲ್ಲ. ಮೇಲಿನ ಬಂಡೆಯ ಬಿರುಕುಗಳಿಂದ ಜಿನುಗುವ ನೀರೇ ಅದಕ್ಕೆ ಅಭಿಷೇಕ.

ಇಲ್ಲಿಯೇ ನಾವು ಯೋಚಿಸಬೇಕಾದ ಸಂಗತಿಯಿದೆ. ಮನುಷ್ಯ ಕಡೆದದ್ದು ಮುರಿದರೆ ಮನುಷ್ಯನೇ ಜೀರ್ಣೋದ್ಧಾರ ಮಾಡಬಲ್ಲ. ಆದರೆ ಮಳೆ, ಮಣ್ಣು, ಮರಗಳು ಕೂಡಿ ನಡೆಸುವ ಪೂಜೆ ನಿಂತುಹೋದರೆ ಅದನ್ನು ಮುಂದುವರಿಸಬಲ್ಲ ಅರ್ಚಕನಿಲ್ಲ. ಯಾಣದ ಚಂಡಿಹೊಳೆ ಅಘನಾಶಿನಿಯನ್ನು ಸೇರುತ್ತದೆ. ಅಲ್ಲಿ ಬಿಸುಟ ಕಸವೂ ಅದೇ ದಾರಿ ಹಿಡಿಯುತ್ತದೆ. ಇದರ ಪರಿಣಾಮವನ್ನು ನಮಗೆ ಬೇರೆಯವರು ವಿವರಿಸಬೇಕಾಗಿಲ್ಲ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ಹುಟ್ಟುವ ದಹಿಸರ್ ನದಿ ನಮ್ಮ ವಸತಿಗಳ ನಡುವೆ ಹಾಯುವಷ್ಟರಲ್ಲಿ ಗಟಾರವಾಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

‘ರೊಕ್ಕಿದ್ದವ ಗೋಕರ್ಣಕ್ಕೆ, ಸೊಕ್ಕಿದ್ದವ ಯಾಣಕ್ಕೆ’ ಎಂಬುದು ಆ ಸೀಮೆಯ ಗಾದೆ. ಮೈಯಲ್ಲಿ ಕಸುವಿದ್ದವರಿಗೆ ಮಾತ್ರ ಆ ಕಾಡುದಾರಿ ಸಾಧ್ಯವಿತ್ತು. ಇಂದು ವಾಹನಗಳು ಶಿಖರದ ಸಮೀಪದವರೆಗೂ ಹೋಗುತ್ತವೆ. ದಾರಿ ಸುಗಮವಾದುದು ತಪ್ಪಲ್ಲ. ವೃದ್ಧರಿಗೂ ದರ್ಶನ ಲಭಿಸಿದೆ. ಆದರೆ ಹಿಂದೆ ದಾರಿಯ ದುರ್ಗಮತೆಯೇ ಮಾಡುತ್ತಿದ್ದ ಕಾವಲನ್ನು ಇನ್ನು ಯಾತ್ರಿಕನ ಸಂಯಮ ಮಾಡಬೇಕಾಗಿದೆ.

ರಜೆಯಲ್ಲಿ ಊರಿಗೆ ಹೋಗುವ ಹೊರನಾಡ ಕನ್ನಡಿಗರು ಮಕ್ಕಳಿಗೆ ಯಾಣವನ್ನು ಅವಶ್ಯ ತೋರಿಸಲಿ. ಕೊಂಡೊಯ್ದ ಪ್ಲಾಸ್ಟಿಕ್ಕನ್ನು ಮರಳಿ ತರಲಿ, ಬಂಡೆಯ ಮೇಲೆ ಹೆಸರು ಕೆತ್ತದಿರಲಿ. ಲಿಂಗದ ಮೇಲೆ ಬೀಳುವ ಹನಿ ಆ ಕಾಡಿನ ಋಣವೆಂದು ಮಕ್ಕಳಿಗೆ ತಿಳಿಹೇಳಲಿ. ಕಲ್ಲಿಗೆ ಕೈಮುಗಿದು ಕಾಡನ್ನು ಕಡೆಗಣಿಸುವ ಭಕ್ತಿ ಅರ್ಧ ಭಕ್ತಿಯೇ ಸರಿ.