ನಕ್ಷತ್ರ ಸಿಕ್ಕಿದ್ದು ಹಳೆಯ ಕಡತದಲ್ಲಿ

‘ನಮ್ಮ ಕಾಲೇಜಿನಲ್ಲಿ ಏನಿದೆ ಅಂತ ಸಂಶೋಧನೆ ಮಾಡೋದು?’ ವಿಜ್ಞಾನ ಓದುವ ನಮ್ಮಂಥವರು ದಿನಕ್ಕೊಮ್ಮೆಯಾದರೂ ಆಡುವ ಮಾತಿದು. ಮಾತು ಸುಳ್ಳಲ್ಲ. ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಭೌತವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದೇನೆ. ನಮ್ಮ ಪ್ರಯೋಗಾಲಯದ ಉಪಕರಣಗಳಲ್ಲಿ ಅರ್ಧದಷ್ಟು ರಿಪೇರಿಗೆ ಕಾದಿವೆ. ದೂರದರ್ಶಕವಂತೂ ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ ಇದೆ. ಇದು ನ್ಯಾಯವಾದ ದೂರು. ಆದರೆ ಆಡುತ್ತ ಆಡುತ್ತ ಅದು ನೆಪವೂ ಆಗಿಬಿಟ್ಟಿದೆ ಎಂಬುದು ನನ್ನ ಅಭಿಪ್ರಾಯ. ಹೀಗೆ ಹೇಳಲು ಒಂದು ಪುಟ್ಟ ನಕ್ಷತ್ರವೇ ಕಾರಣ.

ಅದರ ಹೆಸರು ಟೀಗಾರ್ಡನ್ ನಕ್ಷತ್ರ. ಮೇಷ ರಾಶಿಯ ದಿಕ್ಕಿನಲ್ಲಿ, ನಮ್ಮಿಂದ ಸುಮಾರು 12.5 ಜ್ಯೋತಿರ್ವರ್ಷ ದೂರದಲ್ಲಿದೆ. ಅಂದರೆ ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಹನ್ನೆರಡೂವರೆ ವರ್ಷ ಬೇಕು. ನಮ್ಮ ಗ್ಯಾಲಕ್ಸಿಯ ಅಗಲವೇ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ ಇರುವಾಗ, ಹನ್ನೆರಡೂವರೆ ಎಂದರೆ ಪಕ್ಕದ ಬೀದಿಯೇ ಸರಿ. ವಿಜಯಪುರ, ಕಲಬುರಗಿ ಕಡೆಯವರಿಗೆ ಇದು ನೆತ್ತಿಯ ಮೇಲೆ ಹಾದುಹೋಗುವ ನಕ್ಷತ್ರ. ಆಕಾಶದಲ್ಲಿ ಇದರ ಸ್ಥಾನವೂ ಆ ಊರುಗಳ ಅಕ್ಷಾಂಶವೂ ಸುಮಾರು 17 ಡಿಗ್ರಿ ಉತ್ತರ. ನವೆಂಬರ್ ಮೊದಲ ವಾರದ ನಡುರಾತ್ರಿ ಅಂಗಳದಲ್ಲಿ ನಿಂತು ತಲೆಯೆತ್ತಿದರೆ, ನೀವು ಅದರ ಕಡೆಗೇ ನೋಡುತ್ತಿರುತ್ತೀರಿ. ಆದರೆ ಅದು ಕಾಣುವುದಿಲ್ಲ.

ಕಾಣದಿರಲು ಕಾರಣ ಅದರ ಮಂಕು ಬೆಳಕು. ಇದೊಂದು ಕೆಂಪು ಕುಬ್ಜ. ತೂಕ ಸೂರ್ಯನ ಹತ್ತನೇ ಒಂದು ಭಾಗದಷ್ಟೂ ಇಲ್ಲ. ಗಾತ್ರದಲ್ಲಿ ಗುರುಗ್ರಹಕ್ಕಿಂತ ತುಸುವೇ ದೊಡ್ಡದು. ಇದಕ್ಕಿಂತ ಇನ್ನೂ ಸ್ವಲ್ಪ ಹಗುರವಾಗಿದ್ದರೆ ಒಡಲಲ್ಲಿ ಹೈಡ್ರೋಜನ್ ಬೆಸೆಯುವ ಕ್ರಿಯೆ ನಿಲ್ಲದೆ ನಡೆಯಲು ಬೇಕಾದ ಒತ್ತಡವೇ ಇರುತ್ತಿರಲಿಲ್ಲ. ಆಗ ಅದು ನಕ್ಷತ್ರವೇ ಆಗುತ್ತಿರಲಿಲ್ಲ. ಸೂರ್ಯ ಕೊಡುವ ಬೆಳಕಿನ ಸಾವಿರದ ಒಂದು ಭಾಗದಷ್ಟನ್ನೂ ಇದು ಕೊಡುವುದಿಲ್ಲ. ನಮ್ಮ ಬರಿಗಣ್ಣಿಗೆ ಕಾಣುವ ಅತಿ ಮಸುಕಾದ ನಕ್ಷತ್ರಕ್ಕಿಂತಲೂ ಸುಮಾರು ನಾಲ್ಕು ಸಾವಿರ ಪಟ್ಟು ಮಸುಕು.

ಆದರೆ ಇಂಥ ಕುಬ್ಜಗಳೇ ಗ್ಯಾಲಕ್ಸಿಯ ಬಹುಸಂಖ್ಯಾತರು. ಇರುವ ನಕ್ಷತ್ರಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರು ಕೆಂಪು ಕುಬ್ಜಗಳೇ. ಹಾಗಿದ್ದೂ ಬರಿಗಣ್ಣಿಗೆ ಒಂದೂ ಕಾಣುವುದಿಲ್ಲ. ನಾವು ಆಕಾಶ ಎಂದು ನೋಡುತ್ತಿರುವುದು ಎದ್ದುಕಾಣುವ ಕೆಲವರನ್ನು ಮಾತ್ರ.

ಇನ್ನು ಇದು ಸಿಕ್ಕ ಬಗೆಗೆ ಬರೋಣ. ನಮ್ಮ ನೆರೆಯಲ್ಲಿ ಇರಬೇಕಾದಷ್ಟು ಮಸುಕು ನಕ್ಷತ್ರಗಳು ಪಟ್ಟಿಯಲ್ಲಿ ಇಲ್ಲ, ಕೆಲವು ತಪ್ಪಿಸಿಕೊಂಡಿರಬೇಕು ಎಂಬ ಅನುಮಾನ ಖಗೋಳ ವಿಜ್ಞಾನಿಗಳಿಗೆ ಬಹಳ ಹಿಂದಿನಿಂದ ಇತ್ತು. ಅಮೆರಿಕದ ನಾಸಾದ ಗೊಡಾರ್ಡ್ ಕೇಂದ್ರದಲ್ಲಿದ್ದ ಬೊನಾರ್ಡ್ ಟೀಗಾರ್ಡನ್ ಮತ್ತು ಸಂಗಡಿಗರು ಅವನ್ನು ಹುಡುಕಲು ಹೊಸ ದೂರದರ್ಶಕ ಕಟ್ಟಿಸಲಿಲ್ಲ. ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಚಿತ್ರಗಳನ್ನು ತೆರೆದರು. ಅವು ಭೂಮಿಯ ಸಮೀಪ ಬರುವ ಕ್ಷುದ್ರಗ್ರಹಗಳ ಮೇಲೆ ಕಣ್ಣಿಡಲು ‘ನೀಟ್’ ಎಂಬ ಯೋಜನೆ ಹವಾಯಿಯ ಮಾವಿ ದ್ವೀಪದಿಂದ ವರ್ಷಗಟ್ಟಲೆ ತೆಗೆದ ಚಿತ್ರಗಳು. (ನಮ್ಮ ವೈದ್ಯಕೀಯ ಪ್ರವೇಶ ಪರೀಕ್ಷೆಗೂ ಇದಕ್ಕೂ ಹೆಸರೊಂದೇ ನಂಟು.)

ಇಲ್ಲೊಂದು ಸೂಕ್ಷ್ಮವಿದೆ. ಕ್ಷುದ್ರಗ್ರಹ ಹುಡುಕುವವರು ಒಂದೇ ರಾತ್ರಿಯಲ್ಲಿ, ಕೆಲವು ನಿಮಿಷಗಳ ಅಂತರದಲ್ಲಿ ಆಕಾಶದ ಒಂದೇ ಭಾಗದ ಚಿತ್ರಗಳನ್ನು ತೆಗೆಯುತ್ತಾರೆ. ಅಷ್ಟರಲ್ಲಿ ಜಾಗ ಬದಲಿಸಿದ್ದು ಕ್ಷುದ್ರಗ್ರಹ. ನಿಂತಲ್ಲೇ ನಿಂತದ್ದು ನಕ್ಷತ್ರ, ಅವರ ಕೆಲಸಕ್ಕೆ ಬೇಡವಾದದ್ದು. ಟೀಗಾರ್ಡನ್ ತಂಡ ಅದೇ ಚಿತ್ರಗಳಿಗೆ ಬೇರೆ ಪ್ರಶ್ನೆ ಹಾಕಿತು: ನಿಮಿಷಗಳಲ್ಲಲ್ಲ, ವರ್ಷಗಳಲ್ಲಿ ಜಾಗ ಬದಲಿಸಿದ್ದು ಯಾವುದು? ದೂರದ ನಕ್ಷತ್ರಗಳು ವರ್ಷಗಳು ಕಳೆದರೂ ಕದಲಿದಂತೆ ಕಾಣುವುದಿಲ್ಲ. ಹತ್ತಿರದವು ಮಾತ್ರ ತುಸು ಸರಿದಂತೆ ಕಾಣುತ್ತವೆ. ಬಸ್ಸಿನ ಕಿಟಕಿಯಿಂದ ನೋಡುವಾಗ ದೂರದ ಗುಡ್ಡ ನಿಂತಂತಿದ್ದು, ರಸ್ತೆಬದಿಯ ಮರ ಓಡಿದಂತೆ ಕಾಣುತ್ತದಲ್ಲ, ಹಾಗೆ.

ಟೀಗಾರ್ಡನ್ ನಕ್ಷತ್ರ ವರ್ಷಕ್ಕೆ ಸುಮಾರು 5 ಆರ್ಕ್ ಸೆಕೆಂಡ್ ಸರಿಯುತ್ತದೆ. ಹತ್ತು ರೂಪಾಯಿ ನಾಣ್ಯವೊಂದನ್ನು ಒಂದು ಕಿಲೋಮೀಟರ್ ಆಚೆಯಿಂದ ನೋಡಿದರೆ ಎಷ್ಟು ಅಗಲ ಕಾಣುತ್ತದೋ, ಹೆಚ್ಚುಕಡಿಮೆ ಅಷ್ಟು. ಕೇಳಲು ಅತ್ಯಲ್ಪ ಅನಿಸಿದರೂ ನಕ್ಷತ್ರಗಳ ಮಟ್ಟಿಗೆ ಇದು ಓಟ. 2003ರಲ್ಲಿ ತಂಡ ಇದನ್ನು ಪ್ರಕಟಿಸಿತು. ಹಿಂತಿರುಗಿ ನೋಡಿದರೆ, 1950ರ ದಶಕದ ಆರಂಭದಲ್ಲಿ ಅಮೆರಿಕದ ಪಾಲೊಮಾರ್ ವೀಕ್ಷಣಾಲಯ ತೆಗೆದ ಗಾಜಿನ ಫಲಕದಲ್ಲೂ ಆ ಚುಕ್ಕಿ ಇತ್ತು! ಅಂದರೆ ನಮ್ಮ ನೆರೆಯ ನಕ್ಷತ್ರವೊಂದು ಸುಮಾರು ಅರ್ಧ ಶತಮಾನ ಕಾಲ ದಾಖಲೆಯಲ್ಲೇ ಕುಳಿತಿತ್ತು. ಚಿತ್ರಗಳ ಕೊರತೆ ಇರಲಿಲ್ಲ, ಅವನ್ನು ಆ ಪ್ರಶ್ನೆ ಕೇಳುವವರ ಕೊರತೆ ಇತ್ತು.

ಇದು ಒಂಟಿ ಉದಾಹರಣೆಯೂ ಅಲ್ಲ. 2013ರಲ್ಲಿ ಅಮೆರಿಕದ ಕೆವಿನ್ ಲುಹ್‌ಮನ್, ‘ವೈಸ್’ ಎಂಬ ಉಪಗ್ರಹ ತೆಗೆದಿದ್ದ ಚಿತ್ರಗಳನ್ನು ಹೋಲಿಸಿ ಕೇವಲ 6.5 ಜ್ಯೋತಿರ್ವರ್ಷ ದೂರದ ಕಂದು ಕುಬ್ಜಗಳ ಜೋಡಿಯನ್ನು ಗುರುತಿಸಿದರು. ಅದೂ 1978ರಷ್ಟು ಹಳೆಯ ಚಿತ್ರಗಳಲ್ಲಿ ಇತ್ತೆಂದು ಆಮೇಲೆ ತಿಳಿಯಿತು.

ಇಷ್ಟು ಹೇಳಿದ ಕೂಡಲೇ ಇದನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವ ಸ್ಫೂರ್ತಿಯ ಮಾತಾಗಿಸುವ ಆಸೆ ಆಗುತ್ತದೆ: ‘ಮನಸ್ಸಿದ್ದರೆ ಸಾಕು, ಮನೆಯಲ್ಲೇ ಕುಳಿತು ನಕ್ಷತ್ರ ಹಿಡಿಯಬಹುದು’. ನಾನು ಹೇಳುತ್ತಿರುವುದು ಅದಲ್ಲ. ಟೀಗಾರ್ಡನ್ ಗಾಮಾ ಕಿರಣಗಳ ಅಧ್ಯಯನದಲ್ಲಿ ಪಳಗಿದವರು. ಆ ಚಿತ್ರಗಳನ್ನು ತೆಗೆದ ಯೋಜನೆಯವರೂ ತಂಡದಲ್ಲಿದ್ದರು. ಚಿತ್ರದಲ್ಲಿ ಯಾವುದು ನಿಜವಾದ ಚುಕ್ಕಿ, ಯಾವುದು ಕ್ಯಾಮೆರಾದ ದೋಷ ಎಂದು ಅವರಿಗೆ ಗೊತ್ತಿತ್ತು. ಮನಸ್ಸಿನ ಜೊತೆಗೆ ಕೈ ಪಳಗಿರಬೇಕು. ಆ ಪಳಗುವಿಕೆ ಪದವಿ ತರಗತಿಯಲ್ಲೇ ಶುರುವಾಗಬೇಕು ಎಂಬುದೇ ನನ್ನ ವಾದ.

ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಮೊದಲ ಪ್ರಬಂಧದಲ್ಲಿ ಈ ನಕ್ಷತ್ರದ ದೂರ ಎಂಟು ಜ್ಯೋತಿರ್ವರ್ಷದ ಆಸುಪಾಸು ಎಂದು ಅಂದಾಜಿಸಲಾಗಿತ್ತು. ಅದು ನಿಜವಾಗಿದ್ದರೆ ಟೀಗಾರ್ಡನ್ ನಕ್ಷತ್ರ ನಮ್ಮ ಅತಿ ಸಮೀಪದ ಮೂರ್ನಾಲ್ಕರಲ್ಲಿ ಒಂದಾಗುತ್ತಿತ್ತು. ಆದರೆ ತಂಡ ಆ ಅಂಕಿಯ ಪಕ್ಕದಲ್ಲೇ ‘ಇಷ್ಟು ಹೆಚ್ಚುಕಡಿಮೆ ಇರಬಹುದು’ ಎಂದು ದೊಡ್ಡ ಅಂತರವನ್ನೂ ಬರೆದಿತ್ತು. ಮುಂದಿನ ವರ್ಷಗಳಲ್ಲಿ ಬೇರೆಯವರು ನಿಖರವಾಗಿ ಅಳೆದಾಗ ದೂರ 12.5ಕ್ಕೆ ನಿಂತಿತು. ಹಳೆಯ ಚಿತ್ರಗಳಿಂದ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂಬುದನ್ನು ಅಂಕಿಯಲ್ಲೇ ಬರೆದಿಟ್ಟದ್ದರಿಂದ ಮೊದಲ ಪ್ರಬಂಧದ ಮರ್ಯಾದೆ ಉಳಿಯಿತು. ನಮ್ಮ ಪ್ರಾಯೋಗಿಕ ಪರೀಕ್ಷೆಯಲ್ಲಿ ‘ಉತ್ತರ ಪುಸ್ತಕದ ಅಂಕಿಗೆ ಹೊಂದಬೇಕು’ ಎಂದು ರೀಡಿಂಗ್ ತಿದ್ದುವ ಪರಿಪಾಠಕ್ಕೂ ಇದಕ್ಕೂ ಅಜಗಜಾಂತರ.

ಯಂತ್ರಗಳೇ ಬೇಡ ಎಂದೂ ಇದರ ಅರ್ಥವಲ್ಲ. 2019ರಲ್ಲಿ ಈ ನಕ್ಷತ್ರದ ಸುತ್ತ ಭೂಮಿಯಷ್ಟೇ ತೂಕದ ಎರಡು ಗ್ರಹಗಳಿರುವುದು ಪ್ರಕಟವಾಯಿತು. ಒಂದರ ವರ್ಷ ಐದು ದಿನಕ್ಕೂ ಕಡಿಮೆ, ಇನ್ನೊಂದರದು ಹನ್ನೊಂದು ದಿನ ಚಿಲ್ಲರೆ. 2024ರಲ್ಲಿ 26 ದಿನಕ್ಕೆ ಸುತ್ತುವ ಮೂರನೆಯದೂ ಸೇರಿತು. ಗ್ರಹಗಳ ಸೆಳೆತಕ್ಕೆ ನಕ್ಷತ್ರ ಹಿಂದೆ ಮುಂದೆ ಜೀಕುವುದನ್ನು ಅದರ ಬೆಳಕಿನಲ್ಲೇ ಅಳೆಯಲು ಸ್ಪೇನಿನ ಕಾಲಾರ್ ಆಲ್ಟೊ ವೀಕ್ಷಣಾಲಯದ 3.5 ಮೀಟರ್ ದೂರದರ್ಶಕವೂ ‘ಕಾರ್ಮೆನೆಸ್’ ಎಂಬ ಸೂಕ್ಷ್ಮ ಉಪಕರಣವೂ ಬೇಕಾದವು. ಆದರೆ ದೂರದರ್ಶಕವನ್ನು ಯಾವ ಕಡೆ ತಿರುಗಿಸಬೇಕು ಎಂದು ಹೇಳಿದ್ದು ಹಳೆಯ ಕಡತ. ಎರಡೂ ಸೇರಿದರೇ ವಿಜ್ಞಾನ. ಮೊದಲನೆಯದು ಕೋಟಿಗಟ್ಟಲೆ ಹಣ ಕೇಳುತ್ತದೆ. ಎರಡನೆಯದು ಅಷ್ಟು ಕೇಳುವುದಿಲ್ಲ.

ಈಗ ನಮ್ಮ ಊರಿಗೆ ಬರೋಣ. ಪದವಿ, ಸ್ನಾತಕೋತ್ತರ ಪದವಿಯ ಕೊನೆಯಲ್ಲಿ ಪ್ರಾಜೆಕ್ಟ್ ಎಂಬ ಶಾಸ್ತ್ರವೊಂದಿದೆ. ಎಷ್ಟೋ ಕಡೆ ಹಿಂದಿನ ವರ್ಷದವರ ವರದಿಯ ಹೆಸರು, ನೋಂದಣಿ ಸಂಖ್ಯೆ ಬದಲಿಸಿ ಸ್ಪೈರಲ್ ಬೈಂಡಿಂಗ್ ಹಾಕಿಸಿದರೆ ಮುಗಿಯಿತು. ಕೇಳಿದರೆ ಮತ್ತೆ ಅದೇ ಉತ್ತರ: ಉಪಕರಣ ಇಲ್ಲ. ಆದರೆ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೊದ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವಿದೆ. ಆಸ್ಟ್ರೋಸ್ಯಾಟ್, ಚಂದ್ರಯಾನ, ಆದಿತ್ಯ ಎಲ್1 ಕಳುಹಿಸಿದ ದತ್ತಾಂಶ ಅಲ್ಲಿಂದ ಸಾರ್ವಜನಿಕರಿಗೆ ಸಿಗುತ್ತದೆ. ಬೆಂಗಳೂರಿನದೇ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ, ತನ್ನ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ನೂರಕ್ಕೂ ಹೆಚ್ಚು ವರ್ಷ ತೆಗೆದ ಸೂರ್ಯನ ಚಿತ್ರಗಳನ್ನು ಡಿಜಿಟಲ್ ರೂಪಕ್ಕೆ ತಂದಿದೆ. ಯುರೋಪಿನ ಗಯಾ ನೌಕೆ ಅಳೆದ ಸುಮಾರು 180 ಕೋಟಿ ನಕ್ಷತ್ರಗಳ ಪಟ್ಟಿ ಯಾರಿಗೆ ಬೇಕಾದರೂ ಉಚಿತ. ಅದೇ ಪಟ್ಟಿಯನ್ನೇ ಹೆಸರಾಂತ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರೂ ಬಳಸುತ್ತಾರೆ. ನಮಗೊಂದು, ಅವರಿಗೊಂದು ಅಂತ ಇಲ್ಲ.

ಆಕ್ಷೇಪಗಳು ನನಗೆ ಗೊತ್ತಿವೆ. ಎಲ್ಲರ ಬಳಿ ಲ್ಯಾಪ್‌ಟಾಪ್ ಇಲ್ಲ. ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅದೇ ಮೊದಲ ಗೋಡೆ. ಕೇಳಿದರೆ ಹೇಳಿಕೊಡಲು ಅತಿಥಿ ಉಪನ್ಯಾಸಕರಿಗೆ ಬಿಡುವೂ ಇಲ್ಲ, ಮುಂದಿನ ವರ್ಷ ಅವರು ಇಲ್ಲೇ ಇರುತ್ತಾರೆಂಬ ಖಾತರಿಯೂ ಇಲ್ಲ. ಇವೆಲ್ಲ ನಿಜವಾದ ಅಡ್ಡಿಗಳು. ಆದರೆ ಇವು ದೂರದರ್ಶಕ ಇಲ್ಲ ಎಂಬಂಥ ಅಡ್ಡಿಗಳಲ್ಲ, ಒಂದು ಸುತ್ತೋಲೆ, ಒಂದು ಬೀಗದ ಕೈ, ಒಂದು ತರಬೇತಿಯಿಂದ ಬಹುಮಟ್ಟಿಗೆ ಬಗೆಹರಿಯುವಂಥವು. ವಿಶ್ವವಿದ್ಯಾಲಯಗಳು ಸಾರ್ವಜನಿಕ ದತ್ತಾಂಶ ಆಧರಿಸಿದ ಪ್ರಾಜೆಕ್ಟ್‌ಗಳನ್ನು ಸ್ಪಷ್ಟವಾಗಿ ಒಪ್ಪಬೇಕು. ದತ್ತಾಂಶವನ್ನು ಯಾರು, ಯಾಕೆ, ಹೇಗೆ ಸಂಗ್ರಹಿಸಿದರು ಎಂಬ ಅಧ್ಯಾಯ ವರದಿಯಲ್ಲಿ ಕಡ್ಡಾಯವಾಗಬೇಕು. ಸಂಜೆ ಐದಕ್ಕೆ ಬೀಗ ಬೀಳುವ ಕಂಪ್ಯೂಟರ್ ಲ್ಯಾಬ್ ವಾರದಲ್ಲಿ ಎರಡು ದಿನವಾದರೂ ಎಂಟರವರೆಗೆ ತೆರೆದಿರಬೇಕು. ಬಳಕೆಯ ಕೈಪಿಡಿಗಳು ಕನ್ನಡದಲ್ಲಿ ಬರಬೇಕು.

‘ಇದರಿಂದ ಕೆಲಸ ಸಿಗುತ್ತದೆಯೇ?’ ಈ ಪುಟ ಓದುವ ಹೆಚ್ಚಿನವರ ಪ್ರಶ್ನೆ ಇದೇ, ನನ್ನದೂ ಇದೇ. ನಕ್ಷತ್ರ ಹುಡುಕಿದ್ದಕ್ಕೆ ಸಂಬಳ ಕೊಡುವವರು ಬಹಳ ಕಡಿಮೆ. ಆದರೆ ಲಕ್ಷಾಂತರ ಸಾಲುಗಳ ಪಟ್ಟಿಯಲ್ಲಿ ಬೇಕಾದದ್ದನ್ನು ಹೆಕ್ಕುವುದು, ತಪ್ಪು ಅಂಕಿಯ ವಾಸನೆ ಹಿಡಿಯುವುದು, ತನ್ನ ಉತ್ತರ ಎಷ್ಟು ನಂಬಬಹುದಾದದ್ದು ಎಂದು ಹೇಳಬಲ್ಲದ್ದು, ಈ ಮೂರೂ ಬ್ಯಾಂಕಿಗೂ ಬೇಕು, ಹವಾಮಾನ ಇಲಾಖೆಗೂ ಬೇಕು, ಆಸ್ಪತ್ರೆಗೂ ಬೇಕು. ಸರ್ಟಿಫಿಕೇಟ್ ಕೋರ್ಸ್‌ಗೆ ಸಾವಿರಾರು ರೂಪಾಯಿ ಕಟ್ಟಿ ಯಾರೋ ಸಿದ್ಧಮಾಡಿಟ್ಟ ಲೆಕ್ಕ ಬಿಡಿಸುವುದಕ್ಕಿಂತ, ನಿಜವಾದ ದತ್ತಾಂಶದ ಜೊತೆ ಆರು ತಿಂಗಳು ಗುದ್ದಾಡಿದವರು ಸಂದರ್ಶನದಲ್ಲಿ ‘ನೀವೇನು ಮಾಡಿದ್ದೀರಿ’ ಎಂಬ ಪ್ರಶ್ನೆಗೆ ತಡವರಿಸಲಾರರು.

ನಂಬಿಕೆ ಬರದಿದ್ದರೆ ಈ ವಾರವೇ ಪರೀಕ್ಷಿಸಿ ನೋಡಬಹುದು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಖಗೋಳ ವಿಜ್ಞಾನಿಗಳು ‘ಅಲಾದಿನ್’ ಎಂಬ ಉಚಿತ ಆಕಾಶ ನಕ್ಷೆ ರೂಪಿಸಿದ್ದಾರೆ. ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ. ಅದರಲ್ಲಿ ಟೀಗಾರ್ಡನ್ ನಕ್ಷತ್ರದ ಹೆಸರು ಟೈಪಿಸಿ, ಬೇರೆ ಬೇರೆ ದಶಕಗಳಲ್ಲಿ ತೆಗೆದ ಆಕಾಶ ಸಮೀಕ್ಷೆಗಳ ಚಿತ್ರಗಳನ್ನು ಒಂದರ ಮೇಲೊಂದು ಬದಲಿಸಿ ನೋಡಿ. ಸುತ್ತಲಿನ ಚುಕ್ಕಿಗಳು ಅಲ್ಲಲ್ಲೇ ಇರುತ್ತವೆ, ಒಂದು ಮಾತ್ರ ಜಾಗ ಬಿಟ್ಟಿರುತ್ತದೆ. ಐವತ್ತು ವರ್ಷಗಳಲ್ಲಿ ಅದು ಸರಿದದ್ದು ಹುಣ್ಣಿಮೆ ಚಂದ್ರನ ಅಗಲದ ಏಳನೇ ಒಂದು ಭಾಗದಷ್ಟು. ಅಳತೆಪಟ್ಟಿ ಹಿಡಿದು ನೀವೇ ಲೆಕ್ಕ ಹಾಕಿ. ನಿಮ್ಮ ಉತ್ತರಕ್ಕೂ ಪ್ರಕಟವಾದ ಅಂಕಿಗೂ ವ್ಯತ್ಯಾಸ ಬಂದರೆ ತಿದ್ದಲು ಹೋಗಬೇಡಿ. ಯಾಕೆ ಬಂತು ಎಂದು ಬರೆದಿಡಿ. ಅಲ್ಲಿಂದಲೇ ನಿಮ್ಮ ಪ್ರಾಜೆಕ್ಟ್ ಶುರು.

ಉಪಕರಣ ಬೇಕೆಂದು ಕೇಳುವುದನ್ನು ನಾವು ನಿಲ್ಲಿಸಬಾರದು. ಅದು ನಮ್ಮ ಹಕ್ಕು. ಆದರೆ ಅದು ಬರುವವರೆಗೆ ಕೈಕಟ್ಟಿ ಕೂರುವ ಅಗತ್ಯವಿಲ್ಲ.