ಹೂವಿನ ಹೆಸರು, ಗಾಂಜಾ ವ್ಯಾಪಾರ

ಮಲ್ಲಿಗೆ ಹೆಸರಿನ ಊದುಬತ್ತಿ ಪೊಟ್ಟಣದೊಳಗೆ ಮಲ್ಲಿಗೆ ಇರಬೇಕೆಂದೇನಿಲ್ಲ. ಇದು ಅಂಗಡಿಯವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಯಾರಿಗೂ ನಷ್ಟವಿಲ್ಲ. ಅದೇ ಬಣ್ಣದ ಮಾತು ಈಗ ಗಾಂಜಾಕ್ಕೂ ಬಂದಿದೆ. ಕೆನಡಾದಲ್ಲಿ, ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅದನ್ನು ಅಂಗಡಿಯಲ್ಲಿಟ್ಟೇ ಮಾರುತ್ತಾರೆ. ತಳಿಗೊಂದು ಹೆಸರು, ಹೆಸರಿಗೊಂದು ಪರಿಮಳ: ಒಂದು ಲ್ಯಾವೆಂಡರ್ ಅಂತೆ, ಇನ್ನೊಂದು ಗುಲಾಬಿ ಅಂತೆ, ಮತ್ತೊಂದು ನಿಂಬೆ ಅಂತೆ!

ಘಮ ಪೂರ್ತಿ ಸುಳ್ಳಲ್ಲ. ಗಾಂಜಾದಲ್ಲಿ ಲಿನಲೂಲ್ ಎಂಬ ತೈಲಾಂಶವಿದೆ. ಲ್ಯಾವೆಂಡರ್ ಹೂವಿನಲ್ಲಿರುವುದೂ ಅದೇ, ನಮ್ಮ ಮನೆಯ ಹೆಂಗಸರು ಸಾರಿನ ಪುಡಿಗೆ ಹುರಿಯುವ ಕೊತ್ತಂಬರಿ ಬೀಜದಲ್ಲಿರುವುದೂ ಅದೇ. ನಿಂಬೆ ಸಿಪ್ಪೆಯ ಲಿಮೊನೀನ್, ಕಾಳುಮೆಣಸಿನ ಕ್ಯಾರಿಯೋಫಿಲೀನ್ ಕೂಡ ಉಂಟು. ಮೂಗು ಮುಚ್ಚಿಸುವ ಆ ಗಬ್ಬುನಾತ ಮಾತ್ರ ಗಂಧಕ ಸೇರಿದ ಬೇರೆಯೇ ಅಂಶದ್ದೆಂದು 2021ರಲ್ಲಿ ವಿಜ್ಞಾನಿಗಳು ತೋರಿಸಿದರು. ಆದರೆ ಅಮಲೇರಿಸುವ ಟಿಎಚ್‌ಸಿ ಇದೆಯಲ್ಲ, ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ, ಬಸ್ ಸ್ಟ್ಯಾಂಡಿನಲ್ಲಿ ಮೊಳ ಹಾಕಿ ಮಾರುವ ಕನಕಾಂಬರದ ಹಾಗೆ. ಅಂದಮೇಲೆ ಹೂವಿನ ಘಮದ ಮಾಲು ತಲೆಗೆ ಎಷ್ಟು ಏರುತ್ತದೆಂದು ಮೂಗು ಹೇಗೆ ಹೇಳೀತು?

ಪರದೇಶದ ಈ ಕತೆ ನಮಗ್ಯಾಕೆ ಅಂತೀರಾ? ಥಾಯ್ಲೆಂಡ್ 2022ರಲ್ಲಿ ಗಾಂಜಾ ನಿರ್ಬಂಧ ಸಡಿಲಿಸಿತು (2025ರಲ್ಲಿ ಮತ್ತೆ ಬಿಗಿ ಮಾಡಿತು, ಆ ಮಾತು ಬೇರೆ). 2024 ಮತ್ತು 2025ರಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದಿಳಿದವರ ಪೆಟ್ಟಿಗೆಗಳಲ್ಲಿ ಕಸ್ಟಮ್ಸ್‌ನವರು ಮತ್ತೆ ಮತ್ತೆ ಹಿಡಿದದ್ದು 'ಹೈಡ್ರೋ ಗಾಂಜಾ'. ಮಣ್ಣಿಲ್ಲದೆ, ಪೋಷಕಾಂಶ ಬೆರೆಸಿದ ನೀರಿನಲ್ಲಿ ಬೆಳೆಸಿದ್ದು. ಹೊಲದ ನಡುವೆ ಕದ್ದು ಬೆಳೆಯುವ ನಾಟಿ ಮಾಲಿಗಿಂತ ಅಮಲು ಸಾಮಾನ್ಯವಾಗಿ ಬಲು ಜಾಸ್ತಿ.

ನಮ್ಮ ತಕರಾರು ಇಲ್ಲೇ. 1985ರ ಮಾದಕ ವಸ್ತು ಕಾಯಿದೆ ನೋಡುವುದು ಬರೀ ತೂಕ. ಗಾಂಜಾ 1 ಕೆಜಿಗಿಂತ ಕಡಿಮೆಯಿದ್ದರೆ 'ಅಲ್ಪ ಪ್ರಮಾಣ', ಹೆಚ್ಚೆಂದರೆ ಒಂದು ವರ್ಷ ಸಜೆ, 10 ಸಾವಿರ ದಂಡ. 20 ಕೆಜಿ ಮೀರಿದರೆ ಕನಿಷ್ಠ ಹತ್ತು ವರ್ಷ. ಮುಕ್ಕಾಲು ಕೆಜಿ ಹೈಡ್ರೋ ಹೊತ್ತು ವಿಮಾನದಲ್ಲಿ ಬಂದವನು ಸಣ್ಣವನು, 21 ಕೆಜಿ ನಾಟಿ ಮೂಟೆ ಹೊತ್ತ ಕೂಲಿಯವನು ದೊಡ್ಡ ವ್ಯಾಪಾರಿ! ಇದ್ಯಾವ ನ್ಯಾಯ ಸ್ವಾಮಿ? ಅದೇ ಗಿಡದ ಚರಸ್‌ಗೆ ಅಲ್ಪ ಪ್ರಮಾಣದ ಮಿತಿ 100 ಗ್ರಾಂ ಎಂದು ಬೇರೆ ಮಾಡಿಲ್ಲವೆ? ಹೈಡ್ರೋಗೂ ಟಿಎಚ್‌ಸಿ ಅಳೆದು ಬೇರೆ ಮಿತಿ ಗೊತ್ತುಮಾಡಲಿ. ನಮ್ಮ ಜಿಲ್ಲೆಯಿಂದ ದಿಲ್ಲಿಗೆ ಹೋದ ಸಂಸದರು ಈ ಪ್ರಶ್ನೆಯನ್ನು ಸದನದಲ್ಲಿ ಎತ್ತಬಾರದೇಕೆ?